ವಿಪತ್ತಿನ ನಂತರ ಮಕ್ಕಳ ಮತ್ತು ಕುಟುಂಬಗಳ ಮಾನಸಿಕ ಆಸರೆ (ಚಾಮರಾಜನಗರ ಜಿಲ್ಲೆ)

ವಿಪತ್ತಿನ ನಂತರದ ಮಾನಸಿಕ ಆಸರೆ ಎಂದರೆ ಭೂಕುಸಿತ, ಪ್ರವಾಹ, ಸಾಮೂಹಿಕ ವಿಷಪ್ರಾಶನ, ಸಾಂಕ್ರಾಮಿಕ ರೋಗ, ಭಯೋತ್ಪಾದನೆ ಮುಂತಾದ ಆಘಾತಗಳಿಗೆ ಸಿಲುಕಿದ ಮಕ್ಕಳಿಗೂ ಕುಟುಂಬಗಳಿಗೂ ಮನಸ್ಸಿನ ಸಮಸ್ಥಿತಿಯನ್ನು ಮರಳಿ ಪಡೆಯಲು ನೀಡುವ ನೆರವು. ಅನ್ನ, ವಸತಿ, ಔಷಧ, ಪರಿಹಾರಧನಗಳಂತೆಯೇ ಇದೂ ಪರಿಹಾರ ಕಾರ್ಯದ ಒಂದು ಅಂಗವೆಂದು ಇಂದು ಪರಿಗಣಿಸಲಾಗಿದೆ. ಕರ್ನಾಟಕದ ದಕ್ಷಿಣದ ಅಂಚಿನಲ್ಲಿ, ತಮಿಳುನಾಡು ಮತ್ತು ಕೇರಳಗಳ ಗಡಿಗೆ ತಾಗಿಕೊಂಡಿರುವ ಚಾಮರಾಜನಗರ ಜಿಲ್ಲೆಯು ಕಳೆದ ಮೂರು ದಶಕಗಳಲ್ಲಿ ಪರಸ್ಪರ ಭಿನ್ನವಾದ ಹಲವು ದುರಂತಗಳನ್ನು ಕಂಡಿದೆ. ಕಾಡುಗಳ್ಳ ವೀರಪ್ಪನ್‌ನ ಕಾಲದ ಹಿಂಸೆ, 2018ರ ಸುಳ್ವಾಡಿ ವಿಷಪ್ರಸಾದ ಪ್ರಕರಣ, 2021ರ ಆಮ್ಲಜನಕ ದುರಂತ ಮತ್ತು 2024ರ ವಯನಾಡು ಭೂಕುಸಿತ ಅವುಗಳಲ್ಲಿ ಮುಖ್ಯವಾದವು. ಈ ಲೇಖನವು ಆ ಘಟನೆಗಳ ಹಿನ್ನೆಲೆಯಲ್ಲಿ ಮಕ್ಕಳ ಮನಸ್ಸಿನ ಮೇಲಾಗುವ ಪರಿಣಾಮ, ಮನೆ ಮತ್ತು ಶಾಲೆಗಳು ಮಾಡಬಹುದಾದ ಕೆಲಸ ಹಾಗೂ ಲಭ್ಯವಿರುವ ಸೇವೆಗಳನ್ನು ವಿವರಿಸುತ್ತದೆ.

ಜಿಲ್ಲೆಯ ಹಿನ್ನೆಲೆ

ಚಾಮರಾಜನಗರವು 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು ಮತ್ತು ಹನೂರು ಇದರ ತಾಲ್ಲೂಕುಗಳು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಅರಣ್ಯಗಳು ಜಿಲ್ಲೆಯ ಬಹುಭಾಗವನ್ನು ಆವರಿಸಿವೆ. ಸೋಲಿಗರು ಮತ್ತು ಜೇನುಕುರುಬರ ಹಾಡಿಗಳು, ಕಾಡಂಚಿನ ಒಕ್ಕಲುತನದ ಹಳ್ಳಿಗಳು, ಕೂಲಿಗಾಗಿ ಕೇರಳದ ತೋಟಗಳಿಗೆ ಹೋಗುವ ಕುಟುಂಬಗಳು ಇಲ್ಲಿನ ಸಮಾಜದ ಲಕ್ಷಣಗಳು. ಗುಂಡ್ಲುಪೇಟೆಯು ಊಟಿ ಮತ್ತು ವಯನಾಡಿನ ರಸ್ತೆಗಳು ಕವಲೊಡೆಯುವ ಪಟ್ಟಣ. ದುಡಿಯುವ ಕೈಯೊಂದೇ ಇರುವ ಮನೆಗಳು ಹೆಚ್ಚಾಗಿರುವುದರಿಂದ, ಒಂದು ಸಾವು ಇಲ್ಲಿ ಕೇವಲ ದುಃಖವಾಗಿ ಉಳಿಯದೆ ಮಕ್ಕಳ ಓದು, ಊಟ, ವಾಸದ ಪ್ರಶ್ನೆಯಾಗಿಯೂ ಪರಿಣಮಿಸುತ್ತದೆ. ಮಾನಸಿಕ ಆಸರೆಯನ್ನು ಜೀವನೋಪಾಯದಿಂದ ಬೇರ್ಪಡಿಸಿ ನೋಡಲಾಗದು ಎಂಬುದಕ್ಕೆ ಇದೇ ಕಾರಣ.

ಪ್ರಮುಖ ಘಟನೆಗಳು

ವೀರಪ್ಪನ್ ಕಾಲದ ಹಿಂಸೆ

ವೀರಪ್ಪನ್‌ನ ಹುಟ್ಟೂರು ಗೋಪಿನಾಥಂ ಇಂದಿನ ಹನೂರು ತಾಲ್ಲೂಕಿಗೆ ಸೇರಿದೆ. 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಹತ್ಯೆ, 1992ರ ಆಗಸ್ಟ್‌ನಲ್ಲಿ ಮೀಣ್ಯಂ ಬಳಿ ಪೊಲೀಸ್ ವರಿಷ್ಠಾಧಿಕಾರಿ ಟಿ. ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ಹತ್ಯೆ, 1993ರ ಏಪ್ರಿಲ್ 9ರಂದು ಪಾಲಾರ್ ಬಳಿ 22 ಜನರನ್ನು ಬಲಿ ತೆಗೆದುಕೊಂಡ ನೆಲಬಾಂಬ್ ಸ್ಫೋಟ ಇವು ಆ ಕಾಲದ ಘೋರ ಘಟನೆಗಳು. 2000ದ ಜುಲೈ 30ರಂದು ಗಡಿಯಾಚೆಯ ಗಾಜನೂರಿನಿಂದ ನಟ ಡಾ. ರಾಜಕುಮಾರ್ ಅವರ ಅಪಹರಣವಾಗಿ, 108 ದಿನಗಳ ನಂತರ ಅವರ ಬಿಡುಗಡೆಯಾಯಿತು. 2002ರ ಆಗಸ್ಟ್‌ನಲ್ಲಿ ಕಾಮಗೆರೆಯ ತಮ್ಮ ಮನೆಯಿಂದ ಅಪಹೃತರಾದ ಮಾಜಿ ಸಚಿವ ಎಚ್. ನಾಗಪ್ಪ ಅವರು ಡಿಸೆಂಬರ್‌ನಲ್ಲಿ ಶವವಾಗಿ ಪತ್ತೆಯಾದರು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದನು.

ಕಾಡಂಚಿನ ಹಳ್ಳಿಗಳ ಜನರು ಎರಡು ಕಡೆಯಿಂದಲೂ ಭಯವನ್ನು ಅನುಭವಿಸಿದರು. ಒಂದೆಡೆ ಮಾಹಿತಿದಾರರೆಂಬ ಶಂಕೆಯಿಂದ ವೀರಪ್ಪನ್‌ನ ತಂಡ ನಡೆಸಿದ ಕೊಲೆಗಳು. ಇನ್ನೊಂದೆಡೆ ಅವನಿಗೆ ನೆರವಾದರೆಂಬ ಶಂಕೆಯಿಂದ ನಡೆದ ಬಂಧನಗಳು. ಟಾಡಾ ಕಾಯಿದೆಯಡಿ ಬಂಧಿತರಾದ ನೂರಕ್ಕೂ ಹೆಚ್ಚು ಗ್ರಾಮಸ್ಥರು ವರ್ಷಗಟ್ಟಲೆ ಮೈಸೂರಿನ ಕಾರಾಗೃಹದಲ್ಲಿದ್ದು, 2001ರಲ್ಲಿ ಬಹುತೇಕರು ದೋಷಮುಕ್ತರಾದರು. ಜಂಟಿ ವಿಶೇಷ ಕಾರ್ಯಪಡೆಯ ವಿರುದ್ಧ ಕೇಳಿಬಂದ ದೌರ್ಜನ್ಯದ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನೇಮಿಸಿದ ನ್ಯಾಯಮೂರ್ತಿ ಎ. ಜೆ. ಸದಾಶಿವ ಸಮಿತಿ ವಿಚಾರಿಸಿತು. ಅದರ ಆಧಾರದ ಮೇಲೆ 2007ರಲ್ಲಿ ಆಯೋಗವು 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರವನ್ನು ಶಿಫಾರಸು ಮಾಡಿತು. ತಂದೆ ಸೆರೆಮನೆಯಲ್ಲಿರುವಾಗ ಬೆಳೆದ ಮಕ್ಕಳು, ಕರ್ತವ್ಯದಲ್ಲಿ ಮಡಿದ ಪೊಲೀಸ್ ಮತ್ತು ಅರಣ್ಯ ಸಿಬ್ಬಂದಿಯ ಮಕ್ಕಳು ಇಬ್ಬರೂ ಈ ಚರಿತ್ರೆಯ ಭಾಗವಾಗಿದ್ದಾರೆ. ಆ ಕಾಲದಲ್ಲಿ ಪರಿಹಾರವೆಂದರೆ ಹಣ ಅಥವಾ ನೌಕರಿ ಎಂಬ ತಿಳಿವಳಿಕೆಯೇ ಪ್ರಧಾನವಾಗಿತ್ತು.

ಸುಳ್ವಾಡಿ ವಿಷಪ್ರಸಾದ ಪ್ರಕರಣ

2018ರ ಡಿಸೆಂಬರ್ 14ರಂದು ಸುಳ್ವಾಡಿ ಗ್ರಾಮದ ಕಿಚ್‌ಗುತ್ತಿ ಮಾರಮ್ಮ ದೇವಾಲಯದಲ್ಲಿ ಗೋಪುರದ ಶಂಕುಸ್ಥಾಪನೆಯ ಸಂದರ್ಭದಲ್ಲಿ ಹಂಚಿದ ಪ್ರಸಾದವನ್ನು ಸೇವಿಸಿದ 17 ಮಂದಿ ಮೃತಪಟ್ಟು, ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ಅನ್ನದಲ್ಲಿ ಕೀಟನಾಶಕವನ್ನು ಬೆರೆಸಲಾಗಿತ್ತೆಂದು ತನಿಖೆಯಿಂದ ತಿಳಿದುಬಂದಿತು. ಬಲಿಯಾದವರಲ್ಲಿಯೂ ಅಸ್ವಸ್ಥರಾದವರಲ್ಲಿಯೂ ಮಕ್ಕಳಿದ್ದರು. ಬಿದರಹಳ್ಳಿ, ಎಂ. ಜಿ. ದೊಡ್ಡಿ ಮೊದಲಾದ ಸುತ್ತಲಿನ ಊರುಗಳ ಕುಟುಂಬಗಳು ಒಟ್ಟೊಟ್ಟಿಗೆ ಸಾವನ್ನು ಕಂಡವು. ರೋಗಿಗಳನ್ನು ಕೊಳ್ಳೇಗಾಲ ಮತ್ತು ಮೈಸೂರಿನ ಬೇರೆ ಬೇರೆ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಬಹುಕಾಲ ಮುಚ್ಚಲ್ಪಟ್ಟಿದ್ದ ದೇವಾಲಯವು 2020ರಲ್ಲಿ ಮತ್ತೆ ತೆರೆಯಿತು.

ಆಮ್ಲಜನಕ ದುರಂತ

ಕೋವಿಡ್ ಎರಡನೆಯ ಅಲೆಯ ಸಮಯದಲ್ಲಿ, 2021ರ ಮೇ 2ರ ರಾತ್ರಿಯಿಂದ ಮೇ 3ರ ಬೆಳಗಿನ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ ಉಂಟಾಯಿತು. ಒಂದು ದಿನದ ಅವಧಿಯಲ್ಲಿ 24 ರೋಗಿಗಳು ಮೃತಪಟ್ಟರೆಂದು ಆರಂಭದಲ್ಲಿ ಪ್ರಕಟಿಸಲಾಯಿತು; ಸಾವಿನ ಸಂಖ್ಯೆ ಇದಕ್ಕಿಂತ ಹೆಚ್ಚೆಂದು ಬಾಧಿತ ಕುಟುಂಬಗಳು ವಾದಿಸಿದವು. ಕರ್ನಾಟಕ ಉಚ್ಚ ನ್ಯಾಯಾಲಯವು ನ್ಯಾಯಮೂರ್ತಿ ಎ. ಎನ್. ವೇಣುಗೋಪಾಲ ಗೌಡ ಅವರ ನೇತೃತ್ವದ ಸಮಿತಿಯಿಂದಲೂ, ರಾಜ್ಯ ಸರ್ಕಾರವು ನ್ಯಾಯಮೂರ್ತಿ ಬಿ. ಎ. ಪಾಟೀಲ್ ಅವರ ಆಯೋಗದಿಂದಲೂ ವಿಚಾರಣೆ ನಡೆಸಿದವು. ಕೋವಿಡ್ ನಿರ್ಬಂಧಗಳಿಂದಾಗಿ ಅಂತಿಮ ದರ್ಶನ ಮತ್ತು ಶವಸಂಸ್ಕಾರಗಳು ಎಂದಿನ ರೀತಿಯಲ್ಲಿ ನಡೆಯಲಿಲ್ಲ.

ವಯನಾಡು ಭೂಕುಸಿತ

2024ರ ಜುಲೈ 30ರ ನಸುಕಿನಲ್ಲಿ ನೆರೆಯ ವಯನಾಡು ಜಿಲ್ಲೆಯ ಮುಂಡಕ್ಕೈ ಮತ್ತು ಚೂರಲ್‌ಮಲ ಪ್ರದೇಶಗಳಲ್ಲಿ ಗುಡ್ಡ ಕುಸಿದು ಇನ್ನೂರೈವತ್ತಕ್ಕೂ ಹೆಚ್ಚು ಜನರು ಮೃತಪಟ್ಟರು, ಅನೇಕರು ಕಾಣೆಯಾದರು. ತೋಟದ ಕೆಲಸಕ್ಕಾಗಿ ಹೋಗಿ ಅಲ್ಲಿಯೇ ನೆಲೆಸಿದ್ದ ಚಾಮರಾಜನಗರ ಜಿಲ್ಲೆಯ ಮೂಲದವರೂ ಮೃತರಲ್ಲಿದ್ದರು. ದೇಹಗಳು ಗುರುತು ಸಿಗದಷ್ಟು ಛಿದ್ರವಾಗಿದ್ದುದರಿಂದ ಡಿಎನ್‌ಎ ಪರೀಕ್ಷೆಯ ಮೂಲಕ ಗುರುತಿಸಬೇಕಾಯಿತು.

ಕಾಡುಪ್ರಾಣಿಗಳ ದಾಳಿ

ಬಂಡೀಪುರದ ಅಂಚಿನ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಹುಲಿ ಮತ್ತು ಆನೆಗಳ ದಾಳಿಯಿಂದ ಸಂಭವಿಸುವ ಸಾವುಗಳನ್ನು ಆಡಳಿತದ ಅರ್ಥದಲ್ಲಿ ಮಹಾವಿಪತ್ತು ಎಂದು ಕರೆಯುವುದಿಲ್ಲ. ಆದರೆ ಆ ಮನೆಯ ಮಗುವಿನ ಪಾಲಿಗೆ ಅದು ಹಠಾತ್ ಆದ, ಹಿಂಸಾತ್ಮಕವಾದ, ನೆರೆಹೊರೆಯವರೆಲ್ಲ ನೋಡಿದ ಸಾವು. ಅಪಾಯವು ಮರುದಿನವೂ ಹೊಲದ ಬದುವಿನಲ್ಲಿಯೇ ಇರುತ್ತದೆ. ಈ ಕಾರಣದಿಂದ ಇಲ್ಲಿ ವಿವರಿಸುವ ಕ್ರಮಗಳು ಅಂಥ ಕುಟುಂಬಗಳಿಗೂ ಅನ್ವಯಿಸುತ್ತವೆ.

ಆಘಾತದ ಸ್ವರೂಪ

ಪ್ರತಿಯೊಂದು ದುರಂತವೂ ಬೇರೆ ಬೇರೆ ಬಗೆಯ ನಂಬಿಕೆಯನ್ನು ಮುರಿಯುತ್ತದೆ. ಸುಳ್ವಾಡಿಯಲ್ಲಿ ಕಣ್ಣಿಗೊತ್ತಿಕೊಂಡು ತಿನ್ನುವ ಪ್ರಸಾದವೇ ವಿಷವಾಯಿತು. ಹೀಗಾದಾಗ ಪರರು ಬಡಿಸಿದ ಅನ್ನವನ್ನು ಮಗು ಅನುಮಾನದಿಂದ ನೋಡುವುದು ಅಸಹಜವಲ್ಲ. ಚಾಮರಾಜನಗರದಲ್ಲಿ ಜೀವ ಉಳಿಸಬೇಕಾದ ಸ್ಥಳದಲ್ಲಿಯೇ ಜೀವ ಹೋಯಿತು. ಆ ಬಳಿಕ ಮನೆಯಲ್ಲಿ ಯಾರನ್ನಾದರೂ ಆಸ್ಪತ್ರೆಗೆ ಕರೆದೊಯ್ಯುವಾಗ ಮಗು ಬೆದರಬಹುದು. ವಯನಾಡಿನಲ್ಲಿ ಕಾಲ ಕೆಳಗಿನ ನೆಲವೇ ಜಾರಿತು. ಮಳೆಯ ಸದ್ದೇ ಭಯದ ಸೂಚನೆಯಾಗಬಹುದು. ಗೋಪಿನಾಥಂ ಸುತ್ತಿನ ಹಳ್ಳಿಗಳಲ್ಲಿ ರಾತ್ರಿಯ ಬಾಗಿಲು ಬಡಿತ ಮತ್ತು ಸಮವಸ್ತ್ರಗಳೆರಡೂ ಭಯವನ್ನು ತರುತ್ತಿದ್ದವು. ಆದ್ದರಿಂದ ನೆರವು ನೀಡುವವರು ಮೊದಲು ತಿಳಿಯಬೇಕಾದುದು, ಈ ಮಗುವಿನ ಯಾವ ನಂಬಿಕೆ ಮುರಿದಿದೆ ಎಂಬುದನ್ನು.

ಪ್ರಕೃತಿ ವಿಕೋಪಕ್ಕೂ ಮನುಷ್ಯರು ಉದ್ದೇಶಪೂರ್ವಕವಾಗಿ ಎಸಗಿದ ಕೃತ್ಯಕ್ಕೂ ಮನಸ್ಸಿನ ಮೇಲಾಗುವ ಪರಿಣಾಮದಲ್ಲಿ ವ್ಯತ್ಯಾಸವಿದೆ. ಭೂಕುಸಿತದ ನಂತರ ಊರು ಸಾಮಾನ್ಯವಾಗಿ ಒಂದಾಗುತ್ತದೆ. ಭಯೋತ್ಪಾದನೆ, ವಿಷಪ್ರಾಶನಗಳ ನಂತರ ಕೋಪ, ಸೇಡು, ಪರಸ್ಪರ ಶಂಕೆಗಳು ಹುಟ್ಟುತ್ತವೆ. ಆರೋಪಿಗಳು ಅದೇ ಸೀಮೆಯವರಾದರೆ ಅವರ ಮಕ್ಕಳೂ ಅದೇ ಶಾಲೆಯಲ್ಲಿ ಓದುತ್ತಿರಬಹುದು. ಆ ಮಕ್ಕಳನ್ನು ಅವಮಾನದಿಂದ ಕಾಪಾಡುವುದೂ ಮಾನಸಿಕ ಆಸರೆಯ ಒಂದು ಭಾಗವೇ ಆಗಿದೆ.

ವಯಸ್ಸಿಗೆ ಅನುಗುಣವಾದ ಪ್ರತಿಕ್ರಿಯೆಗಳು

ಆರು ವರ್ಷದೊಳಗಿನ ಮಕ್ಕಳು: ಸಾವು ಶಾಶ್ವತವೆಂಬ ಅರಿವು ಈ ವಯಸ್ಸಿನಲ್ಲಿ ಪೂರ್ಣವಾಗಿ ಮೂಡಿರುವುದಿಲ್ಲ. ತಾಯಿಯ ಸೆರಗು ಬಿಡದಿರುವುದು, ನಿದ್ದೆಯಲ್ಲಿ ಬೆಚ್ಚುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸುವುದು, ಮಾತು ಕಡಿಮೆಯಾಗುವುದು, ಕಂಡ ಘಟನೆಯನ್ನೇ ಆಟದಲ್ಲಿ ಮತ್ತೆ ಮತ್ತೆ ಅಭಿನಯಿಸುವುದು ಸಾಮಾನ್ಯ ಲಕ್ಷಣಗಳು. ಶವಯಾತ್ರೆಯ ಆಟ, ಆಂಬುಲೆನ್ಸ್ ಆಟಗಳನ್ನು ಅಪಶಕುನವೆಂದು ಹಿರಿಯರು ಗದರುವುದುಂಟು. ವಾಸ್ತವವಾಗಿ ಅದು ಅರ್ಥವಾಗದುದನ್ನು ಅರ್ಥ ಮಾಡಿಕೊಳ್ಳುವ ಮಗುವಿನ ಪ್ರಯತ್ನ.

ಆರರಿಂದ ಹನ್ನೆರಡು ವರ್ಷದವರು: ಹೊಟ್ಟೆನೋವು, ತಲೆನೋವು, ಶಾಲೆಗೆ ಹೋಗಲು ನಿರಾಕರಣೆ, ಓದಿನಲ್ಲಿ ಏಕಾಗ್ರತೆಯ ಕೊರತೆ ಕಾಣುತ್ತದೆ. ತನ್ನ ತಪ್ಪಿನಿಂದಲೇ ಹೀಗಾಯಿತೆಂಬ ಭಾವನೆ ಈ ವಯಸ್ಸಿನಲ್ಲಿ ವಿಶೇಷವಾಗಿ ಕಾಡುತ್ತದೆ. ‘ನಾನೇ ಹಟ ಮಾಡಿ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ’, ‘ಅಪ್ಪನ ಜೊತೆ ಜಗಳವಾಡಿದ್ದೆ’ ಎಂಬಂಥ ಮಾತುಗಳನ್ನು ಮಗು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿರಬಹುದು.

ಹದಿಹರೆಯದವರು: ಒಂಟಿತನ, ಸಿಡುಕು, ನಿರಾಸಕ್ತಿ, ಮದ್ಯ ಅಥವಾ ತಂಬಾಕಿನತ್ತ ವಾಲುವಿಕೆ, ಸೇಡಿನ ಮಾತು ಕಾಣಿಸಬಹುದು. ಇನ್ನು ಕೆಲವರು ಕಣ್ಣೀರನ್ನೇ ಹಾಕದೆ ಮನೆಯ ಹೊಣೆಯನ್ನೆಲ್ಲ ಹೊತ್ತುಕೊಳ್ಳುತ್ತಾರೆ. ಇಂಥವರನ್ನು ‘ಎಷ್ಟು ಗಟ್ಟಿ ಹುಡುಗ’ ಎಂದು ಊರು ಹೊಗಳುತ್ತದೆ. ಅವರ ದುಃಖ ಯಾರ ಗಮನಕ್ಕೂ ಬರುವುದಿಲ್ಲ. ಗಂಡುಮಕ್ಕಳು ಶಾಲೆ ಬಿಟ್ಟು ಕೂಲಿಗೆ ಸೇರುವ, ಹೆಣ್ಣುಮಕ್ಕಳಿಗೆ ಬೇಗನೆ ಮದುವೆ ಮಾಡುವ ಅಪಾಯ ಈ ಹಂತದಲ್ಲಿ ಅಧಿಕ.

ಈ ಪ್ರತಿಕ್ರಿಯೆಗಳಲ್ಲಿ ಬಹುಪಾಲು ರೋಗಲಕ್ಷಣಗಳಲ್ಲ. ಅಸಹಜ ಸನ್ನಿವೇಶಕ್ಕೆ ಮನಸ್ಸು ತೋರುವ ಸಹಜ ಸ್ಪಂದನ. ಸುರಕ್ಷಿತ ಪರಿಸರ ಮತ್ತು ಅಕ್ಕರೆಯ ಹಿರಿಯರು ದೊರೆತರೆ ಹೆಚ್ಚಿನ ಮಕ್ಕಳು ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಚೇತರಿಸಿಕೊಳ್ಳುತ್ತಾರೆ.

ಮೊದಲ ದಿನಗಳ ನೆರವು

ವಿಶ್ವ ಆರೋಗ್ಯ ಸಂಸ್ಥೆಯು ಇತರ ಸಂಸ್ಥೆಗಳೊಡನೆ 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯು ನೋಡು, ಆಲಿಸು, ಜೋಡಿಸು ಎಂಬ ಮೂರು ಹೆಜ್ಜೆಗಳನ್ನು ಸೂಚಿಸುತ್ತದೆ. ಸ್ಥಳದ ಸುರಕ್ಷತೆಯನ್ನೂ ತುರ್ತು ಅಗತ್ಯವಿರುವವರನ್ನೂ ಗಮನಿಸುವುದು ಮೊದಲನೆಯದು. ಒತ್ತಾಯಿಸದೆ, ಬುದ್ಧಿ ಹೇಳದೆ ಕೇಳಿಸಿಕೊಳ್ಳುವುದು ಎರಡನೆಯದು. ನೀರು, ಊಟ, ಬಂಧುಗಳು, ಆಸ್ಪತ್ರೆ, ಸರ್ಕಾರಿ ನೆರವುಗಳೊಡನೆ ಸಂಪರ್ಕ ಕಲ್ಪಿಸುವುದು ಮೂರನೆಯದು. ಇದಕ್ಕೆ ವೈದ್ಯ ಪದವಿ ಬೇಕಿಲ್ಲ; ತರಬೇತಿ ಪಡೆದ ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಶಿಕ್ಷಕ ಯಾರೇ ಆದರೂ ಮಾಡಬಹುದು.

ಮಾಡಬಾರದ ಕೆಲವು ಸಂಗತಿಗಳೂ ಇವೆ. ಘಟನೆಯನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸುವಂತೆ ಬಾಧಿತರನ್ನು ಒತ್ತಾಯಿಸುವ ಪದ್ಧತಿ ಹಿಂದೆ ರೂಢಿಯಲ್ಲಿತ್ತು. ಅದರಿಂದ ಪ್ರಯೋಜನವಿಲ್ಲವೆಂದೂ ಕೆಲವರಿಗೆ ಹಾನಿಯಾಗಬಹುದೆಂದೂ ತಿಳಿದುಬಂದ ಮೇಲೆ ಈಗ ಅದನ್ನು ಶಿಫಾರಸು ಮಾಡುವುದಿಲ್ಲ. ದುಃಖವನ್ನು ಮರೆಸಲು ನಿದ್ದೆಮಾತ್ರೆ ನೀಡುವುದನ್ನೂ ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ನಿರುತ್ತೇಜನಗೊಳಿಸಿದೆ. ‘ಅಳಬೇಡ’, ‘ಆದದ್ದೆಲ್ಲಾ ಒಳ್ಳೆಯದಕ್ಕೇ’, ‘ಇನ್ನೊಬ್ಬರಿಗೆ ಇದಕ್ಕಿಂತ ಹೆಚ್ಚು ಕಷ್ಟವಾಗಿದೆ’ ಎಂಬ ಸಾಂತ್ವನದ ಮಾತುಗಳು ಸದುದ್ದೇಶದವಾದರೂ ಕೇಳುವವರ ಬಾಯಿ ಕಟ್ಟುತ್ತವೆ.

ಮನೆಯ ಹಿರಿಯರು ಮಾಡಬಹುದಾದುದು

ಸತ್ಯವನ್ನು ಹೇಳುವುದು: ‘ಅಪ್ಪ ಊರಿಗೆ ಹೋಗಿದ್ದಾರೆ’, ‘ಅಮ್ಮ ಮಲಗಿದ್ದಾಳೆ’ ಎಂದು ಮಕ್ಕಳಿಗೆ ಹೇಳುವ ರೂಢಿ ನಮ್ಮಲ್ಲಿದೆ. ಊರಿಗೆ ಹೋದವರಿಗಾಗಿ ಮಗು ಬಾಗಿಲಲ್ಲಿ ಕಾಯುತ್ತದೆ. ಮಲಗಿದವರು ಏಳಲಿಲ್ಲವೆಂದು ತಾನೂ ಮಲಗಲು ಅಂಜುತ್ತದೆ. ಮಗುವಿಗೆ ಹತ್ತಿರದವರೊಬ್ಬರು, ಅದಕ್ಕೆ ತಿಳಿಯುವ ಸರಳ ಮಾತಿನಲ್ಲಿ, ‘ಅಪ್ಪ ಸತ್ತುಹೋದರು, ಅವರ ದೇಹ ಇನ್ನು ಉಸಿರಾಡುವುದಿಲ್ಲ, ಅವರಿಗೆ ನೋವೂ ಆಗುವುದಿಲ್ಲ, ನಾವು ನಿನ್ನ ಜೊತೆಗಿರುತ್ತೇವೆ’ ಎಂದು ಹೇಳುವುದು ಉತ್ತಮ. ಭೀಕರ ವಿವರಗಳನ್ನು ಹೇಳಬೇಕಾಗಿಲ್ಲ. ಮಗು ಅದೇ ಪ್ರಶ್ನೆಯನ್ನು ಹತ್ತು ಬಾರಿ ಕೇಳಿದರೆ ಹತ್ತು ಬಾರಿಯೂ ಅದೇ ಉತ್ತರವನ್ನು ತಾಳ್ಮೆಯಿಂದ ನೀಡಬೇಕು.

ತಪ್ಪಿತಸ್ಥ ಭಾವನೆಯನ್ನು ನೀಗುವುದು: ‘ಇದು ನಿನ್ನಿಂದ ಆದದ್ದಲ್ಲ’ ಎಂಬ ಮಾತನ್ನು ಮಗು ಕೇಳದಿದ್ದರೂ ಹೇಳಬೇಕು.

ದಿನಚರಿಯನ್ನು ಉಳಿಸುವುದು: ಊಟ, ಸ್ನಾನ, ನಿದ್ದೆ, ಆಟಗಳು ಎಂದಿನ ಹೊತ್ತಿಗೆ ನಡೆದರೆ ಲೋಕ ಪೂರ್ತಿ ಕುಸಿದಿಲ್ಲವೆಂಬ ಭರವಸೆ ಮಗುವಿಗೆ ಮೂಡುತ್ತದೆ. ಅನ್ನದ ಭಯವಿರುವ ಮಗುವನ್ನು ಗದರದೆ, ಅಡುಗೆ ಮಾಡುವಾಗ ಜೊತೆಯಲ್ಲಿ ಕೂರಿಸಿಕೊಂಡು, ಹಿರಿಯರು ಮೊದಲು ತಿಂದು ತೋರಿಸಿ, ನಿಧಾನವಾಗಿ ನಂಬಿಕೆಯನ್ನು ಮರಳಿಸಬಹುದು.

ವಿಧಿಗಳಲ್ಲಿ ಸೇರಿಸಿಕೊಳ್ಳುವುದು: ಹಾಲು ತುಪ್ಪ, ತಿಥಿ ಮೊದಲಾದ ಕರ್ಮಗಳು, ಮುಸಲ್ಮಾನ ಮತ್ತು ಕ್ರೈಸ್ತ ಕುಟುಂಬಗಳ ಪ್ರಾರ್ಥನೆಗಳು ಅಗಲಿಕೆಯನ್ನು ಸಮುದಾಯವೇ ಒಪ್ಪಿಕೊಳ್ಳುವ ಬಗೆಗಳು. ಮೊದಲೇ ವಿವರಿಸಿ, ಬಯಸಿದರೆ ಮಾತ್ರ ಮಗುವನ್ನು ಸೇರಿಸಿಕೊಳ್ಳಬಹುದು, ಬಲವಂತ ಸಲ್ಲದು. ಕೋವಿಡ್ ಕಾಲದಲ್ಲಿ ವಿಧಿಗಳಿಂದ ವಂಚಿತವಾದ ಕುಟುಂಬಗಳು ವರ್ಷ ಕಳೆದ ಮೇಲಾದರೂ ಭಾವಚಿತ್ರವಿಟ್ಟು ಸ್ಮರಣೆ ಮಾಡುವುದು, ಗಿಡ ನೆಡುವುದು ಮುಂತಾದವುಗಳಿಂದ ಸಮಾಧಾನ ಕಾಣಬಹುದು.

ಹಿರಿಯರ ಸ್ವಂತ ಆರೈಕೆ: ಮಗುವಿನ ಚೇತರಿಕೆಯು ಅದನ್ನು ನೋಡಿಕೊಳ್ಳುವವರ ಮನಃಸ್ಥಿತಿಯನ್ನು ಬಹುವಾಗಿ ಅವಲಂಬಿಸಿದೆ. ಗಂಡನನ್ನು ಕಳೆದುಕೊಂಡ ತರುಣಿ, ಮಗನನ್ನು ಕಳೆದುಕೊಂಡು ಮೊಮ್ಮಕ್ಕಳನ್ನು ಸಾಕಬೇಕಾದ ಅಜ್ಜಿ ಇವರಿಗೆ ನೆರವು ದೊರೆಯದೆ ಮಗುವಿಗೆ ನೆರವು ಪೂರ್ಣವಾಗದು. ದೊಡ್ಡವರು ಮಗುವಿನ ಮುಂದೆ ಅಳುವುದರಿಂದ ಕೇಡಿಲ್ಲ. ಅತ್ತ ಮೇಲೆ ಎದ್ದು ಒಲೆ ಹಚ್ಚುವುದನ್ನೂ ಮಗು ನೋಡುತ್ತದೆ.

ಮಾಟ, ಗಾಳಿ, ದೃಷ್ಟಿಗಳ ನಂಬಿಕೆಯಿಂದ ತಾಯತ ಕಟ್ಟಿಸುವ ಕುಟುಂಬಗಳನ್ನು ಹೀಯಾಳಿಸುವುದರಿಂದ ಅವರು ಆರೋಗ್ಯ ಸೇವೆಯಿಂದ ದೂರವಾಗುತ್ತಾರೆ. ಹಾನಿಯಿಲ್ಲದ ಆಚರಣೆಯನ್ನು ಗೌರವಿಸಿ, ಅದರ ಜೊತೆಗೇ ಚಿಕಿತ್ಸೆಗೂ ಒಪ್ಪಿಸುವುದು ಪರಿಣಾಮಕಾರಿ. ಹೊಡೆಯುವುದು, ಉಪವಾಸ ಕೆಡಹುವುದು ಮೊದಲಾದ ಹಿಂಸೆಗಳನ್ನು ಮಾತ್ರ ತಡೆಯಲೇಬೇಕು.

ಅನಿಶ್ಚಿತ ಅಗಲಿಕೆ

ದೇಹ ಸಿಗದ, ಸಾವು ಖಚಿತವಾಗದ ಸ್ಥಿತಿಯನ್ನು ಅಮೆರಿಕದ ವಿದ್ವಾಂಸೆ ಪಾಲಿನ್ ಬಾಸ್ ಅವರು ಅನಿಶ್ಚಿತ ಅಗಲಿಕೆ ಎಂಬ ಪರಿಕಲ್ಪನೆಯಿಂದ ವಿವರಿಸಿದ್ದಾರೆ. ವಯನಾಡಿನಲ್ಲಿ ಕಾಣೆಯಾದವರ ಕುಟುಂಬಗಳ ಸ್ಥಿತಿ ಇದಕ್ಕೆ ನಿದರ್ಶನ. ಇಂಥಲ್ಲಿ ‘ಮರೆತುಬಿಡಿ’ ಎನ್ನುವುದೂ ‘ಬಂದೇ ಬರುತ್ತಾರೆ’ ಎನ್ನುವುದೂ ಸರಿಯಲ್ಲ. ಎರಡು ಸಾಧ್ಯತೆಗಳನ್ನೂ ಏಕಕಾಲಕ್ಕೆ ಹೊತ್ತು ಬದುಕುವ ಕಷ್ಟವನ್ನು ಒಪ್ಪಿಕೊಳ್ಳುವುದು, ಗುರುತಿಸುವಿಕೆ ಮತ್ತು ಮರಣ ಪ್ರಮಾಣಪತ್ರದ ಕೆಲಸಗಳಲ್ಲಿ ಜೊತೆಗಿರುವುದು ನಿಜವಾದ ನೆರವು.

ಶಾಲೆಯ ಪಾತ್ರ

ವಿಪತ್ತಿನ ನಂತರ ಮಗುವಿನ ಬದುಕಿನಲ್ಲಿ ಮೊದಲು ಸಹಜಗೊಳಿಸಬಹುದಾದ ಸ್ಥಳ ಶಾಲೆ. ವಯನಾಡಿನಲ್ಲಿ ಭೂಕುಸಿತಕ್ಕೆ ಸಿಲುಕಿದ ವೆಳ್ಳಾರ್‌ಮಲ ಮತ್ತು ಮುಂಡಕ್ಕೈ ಶಾಲೆಗಳ ಮಕ್ಕಳಿಗೆ 2024ರ ಸೆಪ್ಟೆಂಬರ್ 2ರಂದು ಮೇಪ್ಪಾಡಿಯಲ್ಲಿ ಮರುಪ್ರವೇಶೋತ್ಸವ ನಡೆಸಿ ತರಗತಿಗಳನ್ನು ಪುನರಾರಂಭಿಸಲಾಯಿತು. ತಮ್ಮದೇ ಶಿಕ್ಷಕರು, ತಮ್ಮದೇ ಸಹಪಾಠಿಗಳೊಡನೆ ಮಕ್ಕಳು ಮತ್ತೆ ಕಲೆತುದು ಇದರ ವಿಶೇಷ.

ಶಿಕ್ಷಕರು ಅನುಸರಿಸಬಹುದಾದ ಕ್ರಮಗಳು ಹೀಗಿವೆ:

• ಮಗು ಶಾಲೆಗೆ ಮರಳುವ ಮುನ್ನ ಮನೆಗೆ ಹೋಗಿ ಮಾತನಾಡುವುದು. ಹಾಜರಿಯಲ್ಲಿ ಮೃತ ಸಹಪಾಠಿಯ ಹೆಸರನ್ನು ಕುರಿತು ಏನು ಮಾಡಬೇಕೆಂದು ಮೊದಲೇ ನಿರ್ಧರಿಸುವುದು.
• ಏನಾಯಿತೆಂಬುದನ್ನು ತರಗತಿಗೆ ಸರಳವಾಗಿ ತಿಳಿಸಿ, ಗಾಳಿಮಾತುಗಳನ್ನು ತಡೆಯುವುದು.
• ಚಿತ್ರ, ಮಣ್ಣಿನ ಕೆಲಸ, ಕಥೆ, ಹಾಡು, ಕುಣಿತಗಳಿಗೆ ಅವಕಾಶ ನೀಡುವುದು. ಘಟನೆಯನ್ನೇ ಚಿತ್ರಿಸಬೇಕೆಂದು ಹೇಳದಿರುವುದು.
• ಮೊದಲ ಪರೀಕ್ಷೆಗಳಲ್ಲಿ ಅಂಕ ಕುಸಿದರೆ ಶಿಕ್ಷಿಸದೆ ಕಾಲಾವಕಾಶ ನೀಡುವುದು.
• ‘ತಂದೆಯಿಲ್ಲದ ಮಗು’ ಎಂದು ಎಲ್ಲರ ಮುಂದೆ ಕರೆಯದಿರುವುದು. ನೆರವಿನ ವಸ್ತುಗಳನ್ನು ಸಭೆಯಲ್ಲಿ ನಿಲ್ಲಿಸಿ ಹಂಚದಿರುವುದು.
• ಮೂರು ದಿನಕ್ಕಿಂತ ಹೆಚ್ಚು ಗೈರಾದರೆ ಕಾರಣ ವಿಚಾರಿಸುವುದು. ಶಾಲೆ ಬಿಡುವಿಕೆ ಹೆಚ್ಚಾಗಿ ಸದ್ದಿಲ್ಲದೆ ಆರಂಭವಾಗುತ್ತದೆ.

ವರ್ಷ ತುಂಬುವ ದಿನ, ಊರಹಬ್ಬ, ಮೊದಲ ಮುಂಗಾರು ಇವು ನೋವನ್ನು ಕೆರಳಿಸುವ ಸಂದರ್ಭಗಳು. ತಿಂಗಳುಗಟ್ಟಲೆ ಸುಮ್ಮನಿದ್ದ ಮಗು ಆ ದಿನಗಳಲ್ಲಿ ಕುಸಿಯಬಹುದೆಂಬುದು ಶಿಕ್ಷಕರಿಗೆ ತಿಳಿದಿರಬೇಕು.

ಮಾಧ್ಯಮ ಮತ್ತು ಮೊಬೈಲ್

1995ರ ಓಕ್ಲಹೋಮ ಬಾಂಬ್ ಸ್ಫೋಟ ಮತ್ತು 2001ರ ಸೆಪ್ಟೆಂಬರ್ 11ರ ದಾಳಿಗಳ ನಂತರ ಅಮೆರಿಕದಲ್ಲಿ ನಡೆದ ಅಧ್ಯಯನಗಳು, ಟಿವಿಯಲ್ಲಿ ದೃಶ್ಯಗಳನ್ನು ಹೆಚ್ಚು ಹೊತ್ತು ನೋಡಿದ ಮಕ್ಕಳಲ್ಲಿ ಆಘಾತದ ಲಕ್ಷಣಗಳೂ ಹೆಚ್ಚಾಗಿದ್ದುದನ್ನು ಗುರುತಿಸಿದವು. ಇಂದು ದೃಶ್ಯಗಳು ವಾಟ್ಸ್ಆ್ಯಪ್ ಮೂಲಕ ನೇರವಾಗಿ ಮಗುವಿನ ಕೈಗೆ ಬರುತ್ತವೆ. ಸುದ್ದಿಯನ್ನು ಹಿರಿಯರು ತಿಳಿದುಕೊಂಡು ತಮ್ಮ ಮಾತಿನಲ್ಲಿ ಮಕ್ಕಳಿಗೆ ಹೇಳುವುದು ಒಳಿತು. ವರದಿಗಾರರು ಅಳುತ್ತಿರುವ ಮಗುವಿನ ಮುಂದೆ ಮೈಕ್ ಹಿಡಿಯುವುದು ಅನೈತಿಕ. ಪೋಷಣೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತನ್ನು ಮಾಧ್ಯಮಗಳಲ್ಲಿ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯಿದೆಯ 74ನೆಯ ಪ್ರಕರಣವು ನಿಷೇಧಿಸುತ್ತದೆ.

ತಜ್ಞರ ನೆರವು ಅಗತ್ಯವಾಗುವ ಸಂದರ್ಭಗಳು

ಒಂದು ತಿಂಗಳು ಕಳೆದ ಮೇಲೂ ದುಃಸ್ವಪ್ನಗಳು, ಘಟನೆ ಕಣ್ಮುಂದೆ ಮರುಕಳಿಸುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಘಟನೆಯನ್ನು ನೆನಪಿಸುವ ಎಲ್ಲವನ್ನೂ ತಪ್ಪಿಸಿಕೊಳ್ಳುವುದು ಮುಂದುವರಿದು ದೈನಂದಿನ ಜೀವನಕ್ಕೆ ಅಡ್ಡಿಯಾದರೆ ಅದು ಆಘಾತೋತ್ತರ ಒತ್ತಡದ ಕಾಯಿಲೆಯಾಗಿರಬಹುದು. ಆರು ತಿಂಗಳು ಮೀರಿದರೂ ತೀವ್ರತೆ ತಗ್ಗದ ಅಗಲಿಕೆಯ ನೋವನ್ನು ದೀರ್ಘಕಾಲಿಕ ಶೋಕದ ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ ಗುರುತಿಸಿದೆ. ಮಕ್ಕಳಲ್ಲಿ ಆಘಾತ ಕೇಂದ್ರಿತ ಅರಿವಿನ ವರ್ತನಾ ಚಿಕಿತ್ಸೆಯು ಪರಿಣಾಮಕಾರಿ ಎಂಬುದಕ್ಕೆ ಬಲವಾದ ಆಧಾರಗಳಿವೆ. ಸಾಯುವ ಮಾತು, ತನ್ನನ್ನು ತಾನು ಗಾಯಗೊಳಿಸಿಕೊಳ್ಳುವುದು, ಊಟ ಮತ್ತು ಮಾತನ್ನು ಪೂರ್ಣವಾಗಿ ಬಿಡುವುದು ಕಂಡುಬಂದರೆ ಕಾಲಾವಧಿಗೆ ಕಾಯದೆ ತಕ್ಷಣ ವೈದ್ಯರನ್ನು ಕಾಣಬೇಕು.

ಕರ್ನಾಟಕ ಮತ್ತು ಭಾರತದಲ್ಲಿ ಬೆಳವಣಿಗೆ

1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್‌ನಲ್ಲಿ ಬೆಂಕಿ ಬಿದ್ದು 92 ಜನರು ಮೃತಪಟ್ಟರು. ಅವರಲ್ಲಿ ಬಹುಪಾಲು ಮಕ್ಕಳು. ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ಶೋಕವನ್ನು ಕುರಿತು ನಿಮ್ಹಾನ್ಸ್ ನಡೆಸಿದ ಅಧ್ಯಯನವು ಭಾರತದಲ್ಲಿ ಈ ಕ್ಷೇತ್ರದ ಆರಂಭಿಕ ಪ್ರಯತ್ನಗಳಲ್ಲಿ ಒಂದು. 1984ರ ಭೋಪಾಲ್ ಅನಿಲ ದುರಂತದ ನಂತರ ಆರ್. ಶ್ರೀನಿವಾಸ ಮೂರ್ತಿ ಮೊದಲಾದ ತಜ್ಞರು ಸಾಮಾನ್ಯ ವೈದ್ಯರಿಗೆ ಮಾನಸಿಕ ಆರೋಗ್ಯದ ತರಬೇತಿ ನೀಡಿದರು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳ ಅನುಭವದಿಂದ ಸಮುದಾಯದ ಕಾರ್ಯಕರ್ತರಿಗಾಗಿ ಕೈಪಿಡಿಗಳು ರೂಪುಗೊಂಡವು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2009ರಲ್ಲಿ ಮನೋಸಾಮಾಜಿಕ ನೆರವು ಮತ್ತು ಮಾನಸಿಕ ಆರೋಗ್ಯ ಸೇವೆಗಳ ಕುರಿತು ಮಾರ್ಗಸೂಚಿಯನ್ನು ಹೊರಡಿಸಿತು. ವಿಪತ್ತು ನಿರ್ವಹಣೆಯಲ್ಲಿ ಮನೋಸಾಮಾಜಿಕ ನೆರವಿಗಾಗಿಯೇ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ವಿಭಾಗವಿದೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯೂ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗದಿಂದಲೇ ರೂಪುಗೊಂಡು ದೇಶಕ್ಕೆ ಹರಡಿತು.

ಲಭ್ಯವಿರುವ ಸೇವೆಗಳು

• ಟೆಲಿ ಮನಸ್: 2022ರ ಅಕ್ಟೋಬರ್ 10ರಂದು ಆರಂಭವಾದ ಉಚಿತ ದೂರವಾಣಿ ಸೇವೆ. 14416 ಸಂಖ್ಯೆಗೆ ದಿನದ 24 ಗಂಟೆಯೂ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.
• ಮಕ್ಕಳ ಸಹಾಯವಾಣಿ: 1098. ಅನಾಥವಾದ, ದುಡಿಮೆಗೆ ಅಥವಾ ಬಾಲ್ಯವಿವಾಹಕ್ಕೆ ದೂಡಲ್ಪಡುತ್ತಿರುವ ಮಕ್ಕಳಿಗಾಗಿ.
• ತುರ್ತು ನೆರವು: 112.
• ಆಸ್ಪತ್ರೆಗಳು: ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ನಡೆಯುವ ಮಂಗಳವಾರದ ಚಿಕಿತ್ಸಾಲಯಗಳು.
• ಮಕ್ಕಳ ಕಲ್ಯಾಣ ಸಮಿತಿ: ಪೋಷಕರನ್ನು ಕಳೆದುಕೊಂಡ ಮಕ್ಕಳ ಪಾಲನೆಯನ್ನು ನಿರ್ಧರಿಸುವ ಜಿಲ್ಲಾ ಮಟ್ಟದ ಸಮಿತಿ. ದತ್ತು ಅಥವಾ ಸಾಕಣೆಯನ್ನು ಇದರ ಗಮನಕ್ಕೆ ತಾರದೆ ಖಾಸಗಿಯಾಗಿ ಮಾಡುವಂತಿಲ್ಲ.
• ಕೋವಿಡ್‌ನಿಂದ ಅನಾಥರಾದವರಿಗೆ: 2021ರಲ್ಲಿ ಘೋಷಿತವಾದ, ತಿಂಗಳಿಗೆ 3,500 ರೂಪಾಯಿ ನೀಡುವ ರಾಜ್ಯದ ಬಾಲಸೇವಾ ಯೋಜನೆ, 23ನೆಯ ವಯಸ್ಸಿಗೆ 10 ಲಕ್ಷ ರೂಪಾಯಿ ದೊರೆಯುವಂತೆ ರೂಪಿಸಿದ ಕೇಂದ್ರದ ಪಿಎಂ ಕೇರ್ಸ್ ಮಕ್ಕಳ ಯೋಜನೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ನಡುವೆ ಆಸ್ಪತ್ರೆ ಮತ್ತು ಶಾಲೆಗಳನ್ನು ನಡೆಸುತ್ತಿದೆ.

ಸವಾಲುಗಳು

ಪರಿಹಾರದ ಚೆಕ್ ವಿತರಣೆ, ಗಣ್ಯರ ಭೇಟಿ, ವಿಚಾರಣಾ ಆಯೋಗಗಳು ಮೊದಲ ವಾರಗಳಲ್ಲಿ ಒಟ್ಟಿಗೆ ಬಂದು ಬಳಿಕ ನಿಲ್ಲುತ್ತವೆ. ಮಕ್ಕಳ ತೊಂದರೆಗಳು ಕಾಣಿಸಿಕೊಳ್ಳುವುದು ಅನೇಕ ವೇಳೆ ಅದರ ನಂತರವೇ. ಪರಿಹಾರಧನದ ಹಂಚಿಕೆಯು ಕುಟುಂಬದೊಳಗೆ ಜಗಳಕ್ಕೆ ಕಾರಣವಾಗುವುದುಂಟು. ನ್ಯಾಯಾಲಯದ ವಿಚಾರಣೆ ವರ್ಷಗಟ್ಟಲೆ ಎಳೆದಾಗ ಪ್ರತಿ ಸಾಕ್ಷ್ಯವೂ ಹಳೆಯ ಗಾಯವನ್ನು ಕೆದಕುತ್ತದೆ. ಹೊಣೆಗಾರಿಕೆ ನಿಶ್ಚಯವಾಗದಿರುವುದು ಕೂಡ ಶೋಕವು ಶಮನಗೊಳ್ಳದಿರಲು ಒಂದು ಕಾರಣ. ಹಾಡಿಗಳಿಂದ ತಾಲ್ಲೂಕು ಆಸ್ಪತ್ರೆಗೆ ಬರಲು ಒಂದು ದಿನದ ಕೂಲಿಯನ್ನೇ ಬಿಡಬೇಕಾಗುತ್ತದೆ. ಈ ಕಾರಣಗಳಿಂದ ತಜ್ಞರು ವರ್ಷಾವಧಿಯ ಅನುಸರಣೆಯನ್ನೂ, ಊರಿನಲ್ಲಿಯೇ ಇರುವ ಶಿಕ್ಷಕರು, ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರ ತರಬೇತಿಯನ್ನೂ ಮುಖ್ಯವೆಂದು ಪರಿಗಣಿಸುತ್ತಾರೆ. ಹೊರಗಿನಿಂದ ಬಂದವರು ಹಿಂತಿರುಗಿದ ಮೇಲೆ ಮಗುವಿನ ಹತ್ತಿರ ಉಳಿಯುವವರು ಅವರೇ.